ಎದೆ ನೋವು

ಗೆಳೆಯರೆ, ಸಂಘದ ಪತ್ರಿಕೆಗೆ ಏನಾದರೂ ಬರೆದುಕೊಡಿ, ಹಳೆಯ ವಿದ್ಯಾರ್ಥಿಗಳು ನೀವು, ಕಾಲೇಜಿನ ದಿನಗಳ ನೆನಪು ಬರೆಯಿರಿ ಎಂದು ಕೇಳಿದ್ದೀರಿ. ನೆನಪಿಗೇನು, ಬೇಕಾದಷ್ಟಿವೆ. ಇರಾನಿ ಹೋಟೆಲಿನ ಅರ್ಧ ಚಹಾ, ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಹಿಂದಿನ ಸಾಲಿನಲ್ಲಿ ಕೂತು ಕೇಳಿದ ಭಾಷಣಗಳು, ನಾನು ಬರೆದು ನಾನೇ ಹರಿದುಹಾಕಿದ ಕವಿತೆಗಳು. ಆದರೆ ಬರೆಯಲು ಕೂತರೆ ಅವ್ಯಾವೂ ಮುಂದೆ ಬರಲೊಲ್ಲವು. 1983ರ ಮೇ ತಿಂಗಳಿನಲ್ಲಿ, ಒಂದು ಔಷಧದ ಅಂಗಡಿಯ ಕಟ್ಟೆಯ ಮುಂದೆ, ನನ್ನ ಬಾಯಿಂದ ಹೊರಡದೆ ಹೋದ ಒಂದು ಮಾತು ಮಾತ್ರ ಬಂದು ಬಂದು ನಿಲ್ಲುತ್ತದೆ. ಅದನ್ನೇ ಬರೆಯುತ್ತೇನೆ. ಪತ್ರಿಕೆಗೆ ಹೊಂದುತ್ತದೋ ಇಲ್ಲವೋ ಸಂಪಾದಕರು ನೋಡಿಕೊಳ್ಳಲಿ.

ಆಗ ನಾನು ಬಿ.ಎ. ಎರಡನೆಯ ವರ್ಷ ಮುಗಿಸಿದ್ದೆ. ಐಚ್ಛಿಕ ಕನ್ನಡ. ನಮ್ಮದು ಬೀದರ ಕಡೆಯ ಮನೆತನ. ಅಪ್ಪನ ನೌಕರಿಯಿಂದಾಗಿ ಕಾಚಿಗುಡದಲ್ಲಿ ಎರಡು ಖೋಲಿಯ ಬಾಡಿಗೆ ಮನೆ. ಅಕ್ಕನನ್ನು ಕಲಬುರ್ಗಿ ಕಡೆ ಕೊಟ್ಟಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮೇ ತಿಂಗಳ ಮೊದಲ ವಾರ ಹೆಣ್ಣು ಕೂಸು ಹುಟ್ಟಿತು. ಬಾಣಂತನಕ್ಕೆಂದು ಊರಿನಿಂದ ಆಯಿಯೂ ಬಂದಿದ್ದಳು. ಹೈದರಾಬಾದಿನ ಮೇ ತಿಂಗಳ ಬಿಸಿಲು, ಅದರ ಮೇಲೆ ಬಾಣಂತಿಗೆ ಕುದಿಯುವ ನೀರು, ಕುಂಡದಲ್ಲಿ ಲೋಬಾನದ ಹೊಗೆ, ಕಿಟಕಿಗೆ ಗೋಣಿಚೀಲ. ಹೊರಗಿನ ಖೋಲಿಯಲ್ಲಿ ಕೂತ ನನಗೇ ಉಸಿರು ಕಟ್ಟುತ್ತಿತ್ತು.

ಹದಿಮೂರನೆಯ ದಿನ ತೊಟ್ಟಿಲ ಕಾರ್ಯ. ಬೀಗರು ಬಂದರು. ಭಾವ ಇಳಕಲ್ಲ ಸೀರೆ, ಖಣ ತಂದಿದ್ದರು. ಅದೇ ಖಣದಲ್ಲಿ ಹೊಲಿಸಿದ ಬಿಗಿಯಾದ ಕುಪ್ಪಸ ತೊಟ್ಟು ಅಕ್ಕ ಬೆಳಿಗ್ಗೆಯಿಂದ ಮಧ್ಯಾಹ್ನ ಮೂರರವರೆಗೆ ಮಣೆಯ ಮೇಲೆ ಕೂತಿದ್ದಳು. ಕೂಸು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಿತ್ತು. ಅತ್ತರೆ ಜೇನುತುಪ್ಪ ನೆಕ್ಕಿಸಿದರು. ಎರಡು ಸಲವೋ ಮೂರು ಸಲವೋ ಹಾಲು ಕುಡಿಸುವ ಹೊತ್ತು ತಪ್ಪಿಹೋಯಿತು. ಯಾರೂ ಲೆಕ್ಕ ಇಡಲಿಲ್ಲ. ಅಷ್ಟು ಹೊತ್ತಿಗಾಗಲೇ ಬಲಗಡೆಯ ತೊಟ್ಟು ಬಿರಿದು ರಕ್ತ ಜಿನುಗುತ್ತಿತ್ತಂತೆ. ಕೂಸಿಗೆ ಬಾಯಿ ಸರಿಯಾಗಿ ಹಿಡಿಯಲು ಬರುತ್ತಿರಲಿಲ್ಲ, ಬರೀ ತೊಟ್ಟಿನ ತುದಿಯನ್ನಷ್ಟೇ ಕಚ್ಚಿ ಎಳೆಯುತ್ತಿತ್ತು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆಗ ಗೊತ್ತಿದ್ದದ್ದು ಇಷ್ಟೇ: ಒಳಗಿನ ಖೋಲಿಯಲ್ಲಿ ಕೂಸಿನ ಅಳು ನಿಂತ ಕೂಡಲೇ ಅಕ್ಕನ ನರಳಾಟ ಸುರುವಾಗುತ್ತಿತ್ತು.

ಹದಿನೈದನೆಯ ದಿನ ಸಂಜೆ ಅಕ್ಕನಿಗೆ ಗಡಗಡ ಚಳಿ. ಮೇ ತಿಂಗಳಲ್ಲಿ ಎರಡು ಕೌದಿ ಹೊದಿಸಿದರೂ ಹಲ್ಲು ಕಟಕಟ. ಮೈಯೆಲ್ಲ ಮುರಿದಂತೆ ನೋವು. ಅವ್ವ ಬಾಗಿಲಿಗೆ ಬಂದು ದನಿ ತಗ್ಗಿಸಿ ಹೇಳಿದಳು: "ಅಕ್ಕಗ ಎದಿ ನೋವು ಭಾಳ ಅದ, ಚಳಿ ಜ್ವರ ಬಂದಾದ ಅಂತ ಹೇಳು. ಗುಳಗಿ ತೊಗೊಂಡು ಬಾ."

ಎದಿ ಅಂದರೆ ಅವ್ವ ಏನು ಹೇಳುತ್ತಿದ್ದಾಳೆ ಎಂಬುದು ನನಗೆ ಅರ್ಥವಾಗಿತ್ತು. ಅರ್ಥವಾಗಿರಲಿಲ್ಲ ಎಂದು ಬರೆದರೆ ಸುಳ್ಳು ಬರೆದಂತೆ.

ಚೌರಸ್ತೆಯ ಔಷಧದ ಅಂಗಡಿಯಲ್ಲಿ ನಾಲ್ಕೈದು ಜನ ನಿಂತಿದ್ದರು. ಅವರಲ್ಲಿ ಇಬ್ಬರು ನಮ್ಮ ಓಣಿಯವರೇ. ನನ್ನ ಸರದಿ ಬಂತು. "ಬಹೆನ್ ಕೋ ಸೀನೇ ಮೇ ದರ್ದ್ ಹೈ, ಬುಖಾರ್ ಹೈ, ಥಂಡೀ ಬಜ್ ರಹೀ" ಅಂದೆ. ಸೀನಾ ಎಂದರೂ ಎದೆಯೇ. ಆತ "ಖಾಂಸೀ ಹೈ ಕ್ಯಾ?" ಎಂದು ಕೇಳಿದ. ಕೆಮ್ಮು ಇರಲಿಲ್ಲ. ಆದರೆ ಇಲ್ಲ ಎಂದರೆ ಮತ್ತೇನು ಎಂದು ಕೇಳುತ್ತಾನೆ. ನಾನು ತಲೆಯಾಡಿಸಿಬಿಟ್ಟೆ. ಕೆಮ್ಮಿನ ಒಂದು ಬಾಟಲಿ, ಜ್ವರದ ಗುಳಿಗೆ, ಚಳಿಯ ಹೆಸರು ಹೇಳಿದ್ದರಿಂದ ಮಲೇರಿಯಾದ ಕಹಿ ಗುಳಿಗೆ, ಮೂರೂ ಕಾಗದದ ಚೀಲದಲ್ಲಿ ಬಂದವು. ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ 1897ರಲ್ಲಿ ಸೊಳ್ಳೆಯ ಹೊಟ್ಟೆ ಸೀಳಿ ಮಲೇರಿಯಾದ ಗುಟ್ಟು ಹಿಡಿದ ಊರು ನಮ್ಮದು. ಇಲ್ಲಿ ಚಳಿಜ್ವರ ಅಂದರೆ ಮೊದಲು ನೆನಪಾಗುವುದು ಅದೇ.

ಈಗ ಒಂದು ಮಾತು ಹೇಳಬೇಕು. ಆ ವರ್ಷ ನಮ್ಮ ತರಗತಿಯಲ್ಲಿ ಹಳಗನ್ನಡ ಕಾವ್ಯದ ಪಾಠ ನಡೆದಿತ್ತು. ಸ್ತನ, ಕುಚ, ಉರೋಜ, ಪಯೋಧರ, ಮೊಲೆ: ಪರ್ಯಾಯ ಪದಗಳನ್ನು ನಾನು ನೋಟ್ ಪುಸ್ತಕದಲ್ಲಿ ಸಾಲಾಗಿ ಬರೆದುಕೊಂಡಿದ್ದೆ. ಪಯೋಧರ ಎಂದರೆ ಮೋಡವೂ ಹೌದು, ಅಲ್ಲಿ ಶ್ಲೇಷೆ ಇದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ನಾಯಿಕೆಯ ವರ್ಣನೆಯ ಪದ್ಯಗಳು ಬಂದಾಗ ಮಾಸ್ತರು ಹುಡುಗಿಯರ ಬೆಂಚಿನ ಕಡೆ ನೋಡದೆ, "ಇಲ್ಲಿ ವರ್ಣನೆ ಇದೆ, ಮನೆಯಲ್ಲಿ ಓದಿಕೊಳ್ಳಿ" ಎಂದು ಹಾಳೆ ಮಗುಚುತ್ತಿದ್ದರು. ನಾವು ಮನೆಯಲ್ಲಿ ಓದಿಕೊಳ್ಳುತ್ತಿದ್ದೆವು, ಚೆನ್ನಾಗಿಯೇ ಓದಿಕೊಳ್ಳುತ್ತಿದ್ದೆವು. ಆದರೆ ಆ ಐದು ಶಬ್ದಗಳಲ್ಲಿ ಒಂದನ್ನೂ ಒಬ್ಬ ತಾಯಿಯ ನೋವು ಹೇಳಲು ಬಳಸಬಹುದು ಎಂಬುದು ತಲೆಗೆ ಹೊಳೆಯಲೇ ಇಲ್ಲ. ಮೊಲೆ ಎಂಬುದು ಅಪ್ಪಟ ನಮ್ಮ ಮಾತು. ತಮಿಳರ ಮುಲೈ, ಮಲಯಾಳಿಗಳ ಮುಲ ಎಲ್ಲ ಒಂದೇ ಬೇರು. ಹಳಬರು ತಾಯಿಯ ಹಾಲಿಗೆ ಮೊಲೆವಾಲು ಎಂದು ಯಾವ ಸಂಕೋಚವೂ ಇಲ್ಲದೆ ಅನ್ನುತ್ತಿದ್ದರು. ಅದನ್ನು ಬೈಗುಳದ ಸಾಲಿಗೆ ಸೇರಿಸಿದವರು ಯಾರೋ, ಯಾವಾಗಲೋ ನನಗೆ ತಿಳಿಯದು.

ಮೂರು ದಿನ ಅಕ್ಕ ಕೆಮ್ಮಿನ ಔಷಧ ಕುಡಿದಳು. ಗುಳಿಗೆ ತಿಂದಾಗ ಜ್ವರ ಇಳಿಯುತ್ತಿತ್ತು, ನಾಲ್ಕು ತಾಸಿಗೆ ಮತ್ತೆ ಏರುತ್ತಿತ್ತು. ಆಯಿ ತನ್ನ ವಿದ್ಯೆ ಸುರುಮಾಡಿದಳು. ಹರಳೆಣ್ಣೆ ಬಿಸಿ ಮಾಡಿ, ಗಡ್ಡೆ ಕಟ್ಟಿದ್ದಲ್ಲಿ ಹಿಟ್ಟು ನಾದಿದ ಹಾಗೆ ನಾದಿದಳು. ಅಕ್ಕನ ಚೀರಾಟ ಬೀದಿಗೆ ಕೇಳುತ್ತಿತ್ತು. ಎರಡನೆಯ ದಿನ, "ಆ ಕಡಿ ಹಾಲು ಕೆಟ್ಟಾದ, ಕೂಸಿಗಿ ಕುಡಿಸಬ್ಯಾಡ" ಎಂದು ತೀರ್ಪು ಕೊಟ್ಟಳು. ಹಾಲು ಬತ್ತಲಿ ಎಂದು ಮಲ್ಲಿಗೆಯ ದಂಡೆ ತರಿಸಿ ಎದೆಗೆ ಕಟ್ಟಿದಳು. ಕೂಸಿಗೆ ನೀರು ಬೆರೆಸಿದ ಎಮ್ಮೆಯ ಹಾಲು.

ಆಯಿಯನ್ನು ನಾನು ದೂರುವುದಿಲ್ಲ. ಒಂಬತ್ತು ಹೆತ್ತು ಐದು ಉಳಿಸಿಕೊಂಡ ಹೆಂಗಸು ಅವಳು. ಬಿಸಿ ಕಾವು ಕೊಟ್ಟು ತಿಕ್ಕಬೇಕು ಎಂದು ಆಗಿನ ಡಾಕ್ಟರರೂ ಹೇಳುತ್ತಿದ್ದರು. ಮಲ್ಲಿಗೆಯ ಮಾತೂ ಬರೀ ಮೂಢನಂಬಿಕೆಯಲ್ಲ. ಮಲ್ಲಿಗೆ ಕಟ್ಟಿದರೆ ಹಾಲು ಕಡಿಮೆಯಾಗುತ್ತದೆಯೇ ಎಂದು ದಕ್ಷಿಣ ಭಾರತದ ಬಾಣಂತಿಯರಲ್ಲಿ ಪರೀಕ್ಷಿಸಿ ನೋಡಿದ ವರದಿಯೊಂದು 1988ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಕಡಿಮೆಯಾಗುತ್ತದೆ ಎಂದೇ ಅವರು ಕಂಡುಕೊಂಡರು. ಕೂಸು ಕಳೆದುಕೊಂಡ ತಾಯಿಗೆ ಅದು ಒಳ್ಳೆಯ ಉಪಾಯ. ಆದರೆ ಅಕ್ಕನಿಗೆ ಬೇಕಾಗಿದ್ದದ್ದು ಅದರ ತೀರ ಉಲ್ಟಾ. ಅವಳ ರೋಗದ ಬೇರೇ ಹಾಲು ನಿಂತದ್ದು. ನಿಂತ ಹಾಲನ್ನು ನಾವು ಇನ್ನಷ್ಟು ನಿಲ್ಲಿಸಿದೆವು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಹಾಲು ಹಾಕುವ ಗೌಳಗಿತ್ತಿ ಬಂದಳು. ತೆಲುಗು ಹೆಂಗಸು, ಮನೆಯಲ್ಲಿ ನಾಲ್ಕು ಎಮ್ಮೆ ಕಟ್ಟಿದ್ದಳು. ಎರಡು ದಿನದಿಂದ ಹೆಚ್ಚಿಗೆ ಹಾಲು ತೆಗೆದುಕೊಳ್ಳುತ್ತಿದ್ದೀರಲ್ಲ, ಯಾಕೆ ಎಂದು ಅವ್ವನನ್ನು ಕೇಳಿದಳು. ಅವ್ವ ಹೇಳಿದಳು. ಆಕೆ ಚೆಂಬು ಕೆಳಗಿಟ್ಟು ನೇರ ಒಳಗೆ ಹೋದಳು. ಮೈಲಿಗೆ ಗಿಯ್ಲಿಗೆ ಏನೂ ನೋಡಲಿಲ್ಲ. ಹಿಂಗೈಯನ್ನು ಅಕ್ಕನ ಎದೆಗೆ ಒಂದು ಕ್ಷಣ ಮುಟ್ಟಿಸಿ, "ಅಯ್ಯೋ, ಪೊದುಗುವಾಪು!" ಅಂದಳು. ಅವ್ವನಿಗೆ ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ, "ಕೆಚ್ಚಲಬಾವು" ಎಂದು ತನ್ನಷ್ಟಕ್ಕೆ ತಾನೇ ಅಂದಳು. ಊರಲ್ಲಿ ದನ ಕಟ್ಟಿ ಬೆಳೆದವಳು ಅವ್ವ. ಎಮ್ಮೆಗೆ ಕೆಚ್ಚಲಬಾವು ಬಂದರೆ ಹಿಂಡದೆ ಬಿಡಬಾರದು, ಹಿಂಡಿ ಹಿಂಡಿ ಖಾಲಿ ಮಾಡಬೇಕು, ಬಿಟ್ಟರೆ ಮೊಲೆ ಹೋಗುತ್ತದೆ ಎಂದು ಚಿಕ್ಕಂದಿನಿಂದ ಬಲ್ಲವಳು. ಆಯಿ ಇನ್ನೂ ಚೆನ್ನಾಗಿ ಬಲ್ಲವಳು. ಎಮ್ಮೆಗೆ ಬಂದಿದ್ದರೆ ಇಷ್ಟು ಹೊತ್ತಿಗೆ ನಮ್ಮ ಮನೆಯಲ್ಲಿ ಗದ್ದಲವೆದ್ದು, ದನದ ಡಾಕ್ಟರು ಬಂದು ಹೋಗಿರುತ್ತಿದ್ದ. ಆ ಶಬ್ದವನ್ನು ಬಾಗಿಲಲ್ಲಿ ನಿಂತು ಕೂಗಿ ಹೇಳಲು ಯಾರಿಗೂ ನಾಚಿಕೆಯಿರುತ್ತಿರಲಿಲ್ಲ.

"ನಡೀ, ರಿಕ್ಷಾ ಕರಿ" ಅಂದಳು ಅವ್ವ.

ಸರಕಾರಿ ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿದ ಲೇಡಿ ಡಾಕ್ಟರಿಗೆ ಕನ್ನಡ ಬರದು, ಅವ್ವನಿಗೆ ಉರ್ದು ಅಷ್ಟಕ್ಕಷ್ಟೆ. ನಡುವೆ ನಾನು. ಎಷ್ಟು ದಿನವಾಯಿತು ಎಂದು ಕೇಳಿದರು. ನಾಲ್ಕು ಅಂದೆ. ಏನು ಔಷಧ ಕೊಟ್ಟಿರಿ? ಕೆಮ್ಮಿನದು ಅಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ಕ್ಯಾ ಪಢತೇ ತುಮ್?" "ಬಿ.ಎ., ಕನ್ನಡ." "ಅಚ್ಛಾ. ತೋ ಜಬಾನ್ ಹೈ ತುಮಾರೇ ಪಾಸ್." ಜಬಾನ್ ಎಂದರೆ ನಾಲಗೆಯೂ ಹೌದು, ಭಾಷೆಯೂ ಹೌದು. ಅವರು ಯಾವ ಅರ್ಥದಲ್ಲಿ ಅಂದರೋ. ನನಗೆ ಎರಡೂ ನಾಟಿದವು.

ಒಳಗೆ ಕೀವು ತುಂಬಿಯಾಗಿತ್ತು. ಅರಿವಳಿಕೆ ಕೊಟ್ಟು ಕೊಯ್ದರು. ತಟ್ಟೆಯ ತುಂಬ ಕೀವು ಬಂತು ಎಂದು ಆಯಾ ಹೊರಗೆ ಬಂದು ಹೇಳಿದಳು. ಗಾಯ ಹೊಲಿಯಲಿಲ್ಲ, ಒಳಗೆ ಬಟ್ಟೆಯ ಬತ್ತಿ ತುರುಕಿ ಬಿಟ್ಟರು. ಅದನ್ನು ದಿನಾ ತೆಗೆದು ಹೊಸದು ಇಡಬೇಕು. ಮೂರು ವಾರ ಅಕ್ಕನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಹೋಗಿ ಬಂದವನು ನಾನೇ. ಬತ್ತಿ ಎಳೆಯುವ ಹೊತ್ತಿಗೆ ಹೊರಗಿನ ಬೆಂಚಿನ ಮೇಲೆ ಕೂತು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಅತ್ತ ಎಮ್ಮೆಯ ಹಾಲು ಕುಡಿದ ಕೂಸಿಗೆ ಭೇದಿ ಹತ್ತಿ, ನೆತ್ತಿ ಕುಳಿ ಬಿದ್ದಿತ್ತು. ಡಾಕ್ಟರರು ಅದಕ್ಕೂ ಬೈದರು. ಎಡಗಡೆಯ ಹಾಲನ್ನು ಎರಡೆರಡು ತಾಸಿಗೆ ಕುಡಿಸಿ, ಬಲಗಡೆಯದನ್ನು ಕೈಯಿಂದ ಮೆಲ್ಲಗೆ ತೆಗೆಯಿರಿ, ನೋವು ತಡೆಯುವಷ್ಟಾದ ದಿನ ಅದನ್ನೂ ಕುಡಿಸಿ ಎಂದರು. ಆಯಿ ಒಪ್ಪಲಿಲ್ಲ. ಬಸವಣ್ಣನವರ ಒಂದು ವಚನದಲ್ಲಿ ತಾಯಿಯ ಹಾಲೇ ವಿಷವಾಗುವ ಉಪಮೆ ಬರುತ್ತದಲ್ಲ, ಆಯಿಯ ಹೆದರಿಕೆ ಆ ಬಗೆಯದು. ಆದರೆ ಇಲ್ಲಿ ಹಾಲು ವಿಷವಾಗಿರಲಿಲ್ಲ. ಬಾವು ಬಂದ ಮೊಲೆಯ ಹಾಲು ಕುಡಿದರೆ ಆರೋಗ್ಯವಾಗಿರುವ ಕೂಸಿಗೆ ಏನೂ ಆಗುವುದಿಲ್ಲ. ಅಕ್ಕ ಆಯಿ ನಿದ್ದೆ ಹೋದ ಮೇಲೆ ಕುಡಿಸುತ್ತಿದ್ದಳಂತೆ. ಎಂಟು ದಿನದಲ್ಲಿ ನೆತ್ತಿ ತುಂಬಿಕೊಂಡಿತು.

ಆಮೇಲೆ ನಾನು ಇದರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ತಪ್ಪು ಮಾಡಿದವನ ಓದು ಬೇರೆಯೇ ಇರುತ್ತದೆ. ಮೊಲೆಯೊಳಗೆ ಹಾಲು ಹುಟ್ಟುವ ಗೊಂಚಲುಗಳಿವೆ, ಅಲ್ಲಿಂದ ತೊಟ್ಟಿಗೆ ಸಣ್ಣ ಸಣ್ಣ ನಾಳಗಳು. ಕೂಸು ಸರಿಯಾಗಿ ಬಾಯಿ ಹಿಡಿಯದಿದ್ದರೆ, ಕುಡಿಸುವ ಹೊತ್ತು ತಪ್ಪಿದರೆ, ಬಟ್ಟೆ ಬಿಗಿಯಾದರೆ, ಒಮ್ಮೆಲೇ ಹಾಲು ಬಿಡಿಸಿದರೆ ಯಾವುದೋ ಒಂದು ಕಡೆ ಹಾಲು ನಿಂತು ಒತ್ತಡ ಬೀಳುತ್ತದೆ, ಆ ಭಾಗ ಊದಿ ಉರಿಯುತ್ತದೆ. ಇಷ್ಟಕ್ಕೇ ಜ್ವರವೂ ಬರಬಹುದು, ರೋಗಾಣು ಬೇಕೆಂದೇ ಇಲ್ಲ. ಆಮೇಲೆ ಬಿರಿದ ತೊಟ್ಟಿನಿಂದ ರೋಗಾಣು ಒಳಹೊಕ್ಕರೆ ಸೋಂಕು. ಬಹುಪಾಲು ಅದು ಸ್ಟ್ಯಾಫಿಲೊಕಾಕಸ್ ಎಂಬ ಜಾತಿಯದು. ನಮ್ಮ ಚರ್ಮದ ಮೇಲೆ, ಮೂಗಿನಲ್ಲಿ, ಕೂಸಿನ ಬಾಯಲ್ಲಿ ಸುಮ್ಮನೆ ಇರುವಂಥದೇ. 1880ರ ಸುಮಾರಿಗೆ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ ಅದನ್ನು ಕೀವಿನಲ್ಲಿ ಕಂಡು, ದ್ರಾಕ್ಷಿ ಗೊಂಚಲಿನಂತಿದೆ ಎಂದು ಗ್ರೀಕ್ ಭಾಷೆಯಲ್ಲಿ ಹೆಸರಿಟ್ಟ. ನಮ್ಮ ಹೈದರಾಬಾದಿನ ಅನಾಬ್-ಎ-ಶಾಹಿ ದ್ರಾಕ್ಷಿ ನೋಡಿದಾಗಲೆಲ್ಲ ನನಗೆ ಇದು ನೆನಪಾಗಿ ಬಾಯಿ ರುಚಿ ಕೆಡುತ್ತದೆ, ಏನು ಮಾಡಲಿ.

ಗುರುತಿಸುವುದು ಕಷ್ಟವೇನಲ್ಲ. ಹೆರಿಗೆಯಾದ ಮೂರು-ನಾಲ್ಕನೆಯ ದಿನ ಎರಡೂ ಕಡೆ ಹಾಲು ತುಂಬಿ ಬಿಗಿಯುವುದು ಬೇರೆ. ಅದು ಎಲ್ಲರಿಗೂ ಆಗುವಂಥದು. ಬಾವು ಸಾಮಾನ್ಯವಾಗಿ ಒಂದೇ ಕಡೆ, ಹೆಚ್ಚಾಗಿ ಮೊದಲ ಆರು ವಾರಗಳಲ್ಲಿ. ಕಲ್ಲಂಗಡಿಯ ಹೋಳಿನ ಆಕಾರದಲ್ಲಿ ಒಂದು ಭಾಗ ಕೆಂಪಾಗಿ, ಗಟ್ಟಿಯಾಗಿ, ಬಿಸಿಯಾಗಿ, ಮುಟ್ಟಗೊಡದಂತೆ ನೋಯುತ್ತದೆ. ನಮ್ಮ ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣುವುದೇ ಇಲ್ಲ, ಅದಕ್ಕೇ ಆ ಗೌಳಗಿತ್ತಿ ಹಿಂಗೈ ಮುಟ್ಟಿಸಿದ್ದು. ಜೊತೆಗೆ ನೂರೊಂದರ ಮೇಲೆ ಜ್ವರ, ಚಳಿ, ಮೈಕೈ ನೋವು. ಬಾಣಂತಿಗೆ ಫ್ಲೂ ಬಂದಂತೆ ಕಂಡರೆ ಮೊದಲು ಎದೆಯನ್ನೇ ನೋಡಬೇಕು.

ಚಿಕಿತ್ಸೆ ನನ್ನ ಕಣ್ಣೆದುರಿಗೇ ಬದಲಾಗಿದೆ. ಹಾಲು ಕುಡಿಸುವುದನ್ನು ನಿಲ್ಲಿಸಬೇಡಿ ಎಂಬುದು ಹಳೆಯ ಮಾತೇ. ವಿಶ್ವ ಆರೋಗ್ಯ ಸಂಸ್ಥೆ 2000ದಲ್ಲಿ ಈ ಬಾವಿನ ಮೇಲೇ ಒಂದು ಪುಸ್ತಿಕೆ ತಂದು ಅದನ್ನು ಒತ್ತಿ ಹೇಳಿತು. ಆದರೆ ತಿಕ್ಕುವುದು, ಬಿಸಿ ಕಾವು, ಪಂಪು ಹಚ್ಚಿ ಮತ್ತೆ ಮತ್ತೆ ಬರಿದು ಮಾಡುವುದು, ಇವುಗಳಿಂದ ಒಳಗಿನ ಮಾಂಸ ಇನ್ನಷ್ಟು ಊದುತ್ತದೆ, ಹಾಲು ಇನ್ನಷ್ಟು ಉಕ್ಕುತ್ತದೆ ಎಂದು ಈಗ ಹೇಳುತ್ತಾರೆ. ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ ಎಂಬ ವೈದ್ಯರ ಸಂಸ್ಥೆ 2022ರಲ್ಲಿ ಹೊರಡಿಸಿದ ಸೂಚನೆಯಲ್ಲಿ ತಣ್ಣನೆಯ ಪಟ್ಟಿ, ನೋವಿನ ಗುಳಿಗೆ, ಕೂಸು ಕೇಳಿದಷ್ಟು ಮಾತ್ರ ಹಾಲು ಎಂದಿದೆ. ಅಂದರೆ ಆಯಿಯ ಎಣ್ಣೆಯೂ ತಪ್ಪು, ಹಿಂಡಿ ಹಿಂಡಿ ಖಾಲಿ ಮಾಡು ಎಂಬ ಎಮ್ಮೆಯ ಲೆಕ್ಕವೂ ಹೆಂಗಸರಿಗೆ ಪೂರ್ತಿ ಸರಿಯಲ್ಲ. ಒಂದು ದಿನದಲ್ಲಿ ಇಳಿಮುಖವಾಗದಿದ್ದರೆ, ಅಥವಾ ಮೊದಲೇ ಜೋರಾಗಿದ್ದರೆ ಡಾಕ್ಟರರ ಬಳಿ ಹೋಗಲೇಬೇಕು. ಕೂಸಿಗೆ ತೊಂದರೆಯಾಗದ ಆಂಟಿಬಯಾಟಿಕ್ ಇವೆ, ಹತ್ತರಿಂದ ಹದಿನಾಲ್ಕು ದಿನ ತೆಗೆದುಕೊಳ್ಳಬೇಕಾಗುತ್ತದೆ. ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಬಾರದು. ಬರೀ ಪೆನಿಸಿಲಿನ್ನಿಗೆ ಈ ರೋಗಾಣು ಬಗ್ಗುವುದನ್ನು ಬಿಟ್ಟು ಬಹಳ ಕಾಲವಾಯಿತು. ಔಷಧ ಸುರುವಾಗಿ ಎರಡು ದಿನವಾದರೂ ಗಡ್ಡೆ ಹಾಗೇ ಇದ್ದರೆ ಕೀವು ಕಟ್ಟಿದೆಯೇ ಎಂದು ಸ್ಕ್ಯಾನ್ ಮಾಡಿ ನೋಡುತ್ತಾರೆ.

ಹಾಲೂಡಿಸದ ಹೆಂಗಸರಿಗೂ ಮೊಲೆಯ ಬಾವು ಬರುತ್ತದೆ. ಸಕ್ಕರೆ ಕಾಯಿಲೆಯವರಿಗೆ, ಬೀಡಿ ಸಿಗರೇಟು ಸೇದುವವರಿಗೆ ಹೆಚ್ಚು. ನಮ್ಮ ದೇಶದಲ್ಲಿ ಕ್ಷಯವೂ ಅಲ್ಲಿ ಕೂರುತ್ತದೆ. 1829ರಷ್ಟು ಹಿಂದೆಯೇ ಲಂಡನ್ನಿನ ಆಸ್ಟ್ಲಿ ಕೂಪರ್ ಅದನ್ನು ಬರೆದಿಟ್ಟಿದ್ದ. ಎಲ್ಲಕ್ಕಿಂತ ಹೆದರಬೇಕಾದ್ದು ಬಾವಿನ ವೇಷ ಹಾಕಿಕೊಂಡು ಬರುವ ಕ್ಯಾನ್ಸರ್. ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಕುಳಿ ಕುಳಿಯಾಗಿ, ಕೆಂಪಗೆ ದಪ್ಪಗಾಗಿ, ಗುಳಿಗೆ ತಿಂದರೂ ಒಂದೆರಡು ವಾರದಲ್ಲಿ ಇಳಿಯದಿದ್ದರೆ ಇನ್ನೊಂದು ಕೋರ್ಸು ಗುಳಿಗೆ ಎಂದು ಕಾಲ ಕಳೆಯದೆ ತುಣುಕು ತೆಗೆದು ಪರೀಕ್ಷಿಸಬೇಕು.

ಅಕ್ಕನಿಗೆ 1987ರಲ್ಲಿ ಗಂಡು ಕೂಸಾಯಿತು. ಎರಡೂ ಕಡೆ ಕುಡಿಸಿದಳು. ಗಾಯದ ಕಲೆ ಈಗಲೂ ಇದೆಯಂತೆ, ಮಳೆಗಾಲದಲ್ಲಿ ಜಿಗಿಜಿಗಿ ಅನ್ನುತ್ತದಂತೆ. ನಾನು ಕೆಮ್ಮಿನ ಬಾಟಲಿ ತಂದ ಕಥೆಯನ್ನು ಎಲ್ಲರೆದುರು ಹೇಳಿ ನಗುತ್ತಾಳೆ. ನಾನು ಕೆಮ್ಮು ಇದೆ ಎಂದು ತಲೆಯಾಡಿಸಿದ್ದು ಮಾತ್ರ ಅವಳಿಗೆ ಗೊತ್ತಿಲ್ಲ. ಈ ಪತ್ರಿಕೆ ಅವಳ ಕೈಗೆ ಸಿಕ್ಕರೆ ಗೊತ್ತಾಗಲಿ.

ಆ ನೆತ್ತಿ ಕುಳಿ ಬಿದ್ದ ಕೂಸು ಬೆಳೆದು, ಓದಿ, ಮಿಯಾಪುರದಲ್ಲಿ ಸಂಸಾರ ಹೂಡಿ, 2010ರಲ್ಲಿ ತಾನೂ ಹೆತ್ತಳು. ತಿಂಗಳ ಬಾಣಂತಿಗೆ ಜ್ವರ ಬಂತು. ಇಂಜಿನಿಯರ್ ಹುಡುಗಿ, ಎಲ್ಲ ಬಲ್ಲವಳು. ಆದರೂ ಮೂರು ದಿನ ಸುಮ್ಮನಿದ್ದಳು. ಹಿಂದಿನ ವರ್ಷವಷ್ಟೇ ಊರಿಡೀ ಹಂದಿಜ್ವರದ ಗಲಾಟೆ ಎದ್ದಿತ್ತು, ಅದೇ ಇರಬೇಕು, ಕೂಸಿಗೆ ತಗುಲೀತು ಎಂದು ಹೆದರಿ ಹಾಲು ಕುಡಿಸುವುದನ್ನೂ ಕಡಿಮೆ ಮಾಡಿದ್ದಳು. ನಾಲ್ಕನೆಯ ದಿನ ನನಗೆ ಫೋನು ಮಾಡಿ, "ಮಾಮಾ, ಜ್ವರ ಬಿಡವಲ್ದು" ಅಂದಳು. "ಎದಿ ಹ್ಯಾಂಗದ?" ಅಂದೆ. ಅವಳು ತುಸು ಹೊತ್ತು ಮಾತಾಡಲಿಲ್ಲ. ಆಮೇಲೆ, "ಒಂದು ಕಡಿ ಕಲ್ಲಾಗ್ಯಾದ" ಅಂದಳು.

ಆಟೋದಲ್ಲಿ ಕರೆದುಕೊಂಡು ಹೋದೆ. ಅವತ್ತು ಸ್ಕ್ಯಾನಿನ ಪರದೆ ನೋಡಿಕೊಂಡು ಸೂಜಿಯಿಂದ ಸ್ವಲ್ಪ ಕೀವು ಎಳೆದರು, ಮೂರು ದಿನ ಬಿಟ್ಟು ಇನ್ನೊಂದು ಸಲ. ಕೊಯ್ಯಲಿಲ್ಲ, ಬತ್ತಿಯಿಲ್ಲ. ಕೂಸು ಅವತ್ತು ಸಂಜೆಯೂ ಅದೇ ಮೊಲೆ ಕುಡಿಯಿತು. ಆದರೆ ನಾನು ಹೇಳಬೇಕೆಂದದ್ದು ಅದಕ್ಕೂ ಮೊದಲಿನದು. ಆಸ್ಪತ್ರೆಯ ಕೌಂಟರಿನಲ್ಲಿ ಸಾಲು ಉದ್ದವಿತ್ತು. ಹಿಂದೆ ಹತ್ತು ಜನ. ಕಂಪ್ಯೂಟರಿನ ಮುಂದೆ ಕೂತ ಹುಡುಗಿ ಏನು ತೊಂದರೆ ಎಂದು ತೆಲುಗಿನಲ್ಲಿ ಕೇಳಿದಳು. ಇಪ್ಪತ್ತೇಳು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು. "ಬಾಲಿಂತ ಅಮ್ಮಾ, ರೊಮ್ಮು ವಾಚಿಂದಿ, ಚೀಮು ಪಟ್ಟಿನಟ್ಟುಂದಿ, ನಾಲ್ಗು ರೋಜುಲ ನುಂಚಿ ಜ್ವರಂ" ಅಂದೆ, ಬಾಣಂತಿ, ಮೊಲೆ ಬಾತಿದೆ, ಕೀವು ಕಟ್ಟಿದಂತಿದೆ ಎಂದು, ಸಾಲಿಗೆಲ್ಲ ಕೇಳುವ ಹಾಗೆ.

ಆ ಹುಡುಗಿ ತಲೆ ಎತ್ತಲೂ ಇಲ್ಲ. ಟೈಪು ಮಾಡಿಕೊಳ್ಳುತ್ತ, "ವಯಸೆಂತ?" ಎಂದು ಕೇಳಿದಳು.